ಒಗರು, ಹುಳಿ, ಸೊಗಡು: ವೈನ್ ರುಚಿ ನೋಡುವುದನ್ನು ಕನ್ನಡದಲ್ಲೇ ಕಲಿಯುವ ಬಗೆ

ವೈನ್ ಬಾಟಲಿಯ ಹಿಂಬದಿಯ ಚೀಟಿಯಲ್ಲಿ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ, ಸೀಡರ್ ಮರ, ವಯೊಲೆಟ್ ಹೂವು ಎಂದೆಲ್ಲ ಬರೆದಿರುತ್ತದೆ. ಅದನ್ನು ಓದುವ ನಮ್ಮಲ್ಲಿ ಹೆಚ್ಚಿನವರು ಆ ಹಣ್ಣನ್ನು ತಿಂದವರಲ್ಲ, ಆ ಹೂವನ್ನು ಮೂಸಿದವರೂ ಅಲ್ಲ. ಲೋಟದಲ್ಲಿ ಅವು ಸಿಗದಿದ್ದಾಗ ತಮ್ಮ ಮೂಗೇ ಮೊಂಡಾಗಿರಬೇಕೆಂದು ತೀರ್ಮಾನಿಸಿ ಸುಮ್ಮನಾಗುತ್ತಾರೆ. ಮೊದಲ ಒಂದೆರಡು ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಂದು ದಿನ ಕೆಂಪು ವೈನ್ ಕುಡಿದಾಗ ಒಸಡು, ಕೆನ್ನೆಯ ಒಳಬದಿಗಳೆಲ್ಲ ಬಿಗಿದುಕೊಂಡದ್ದನ್ನು ಗಮನಿಸಿ, ಇದು ಎಳೆಯ ಬಾಳೆಕಾಯಿಯ ಸಿಪ್ಪೆ ಕಚ್ಚಿದಾಗಿನ ಒಗರೇ ಅಲ್ಲವೇ ಎಂದು ಹೊಳೆದ ಮೇಲೆ, ಕಲಿಕೆಯ ದಾರಿ ತೆರೆದುಕೊಂಡಿತು.

ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳನ್ನು ಮಗುವಾಗಿದ್ದಾಗಲೇ ಬೇರೆಬೇರೆಯಾಗಿ ಹೆಸರಿಸಲು ಕಲಿತ ನಮಗೆ, ವೈನಿನಲ್ಲಿ ಒಗರು ಹುಟ್ಟಿಸುವ ಟ್ಯಾನಿನ್ ಎಂಬ ಅಂಶವನ್ನು ಗುರುತಿಸುವುದು ಕಷ್ಟವಾಗಬಾರದು. ಜಗತ್ತಿನ ಎಷ್ಟೋ ಕಡೆ ಹೊಸಬರು ಟ್ಯಾನಿನ್ನನ್ನೂ ಕಹಿಯನ್ನೂ ಒಂದಾಗಿಸಿ ಗೊಂದಲಪಡುತ್ತಾರೆ. ನಮ್ಮ ಭಾಷೆಯಲ್ಲಿ ಆ ಎರಡಕ್ಕೂ ಬೇರೆಬೇರೆ ಹೆಸರು ಮೊದಲಿನಿಂದಲೂ ಇದೆ. ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಹೇಳಬಯಸುವುದು ಇಷ್ಟೇ: ವೈನಿನ ತಾಂತ್ರಿಕ ಪದಗಳನ್ನು ಫ್ರೆಂಚರಿಂದಲೂ ಇಂಗ್ಲಿಷರಿಂದಲೂ ಪಡೆಯೋಣ, ಆದರೆ ರುಚಿ ಮತ್ತು ವಾಸನೆಯ ಪದಗಳನ್ನು ನಮ್ಮ ಅಡುಗೆಮನೆಯಿಂದ ತರೋಣ.

ಕಾನೂನು ಒಪ್ಪುವ ವಯಸ್ಸು ತುಂಬಿದವರಿಗಾಗಿ ಬರೆದಿರುವ ಬರಹವಿದು. ರುಚಿ ನೋಡುವುದೆಂದರೆ ಕುಡಿಯಲೇಬೇಕೆಂದಿಲ್ಲ. ವೃತ್ತಿಪರರು ಪ್ರತಿ ಗುಟುಕನ್ನೂ ಉಗುಳುತ್ತಾರೆ, ಕಲಿಯುವವರೂ ಹಾಗೆಯೇ ಮಾಡುವುದು ಒಳ್ಳೆಯದು. ಗರ್ಭಿಣಿಯರು, ಔಷಧ ಸೇವಿಸುತ್ತಿರುವವರು ಮತ್ತು ಮದ್ಯವೇ ಬೇಡವೆನ್ನುವವರು ಮೊದಲ ಹಂತದ ಅಭ್ಯಾಸಗಳನ್ನಷ್ಟೇ ಮಾಡಬಹುದು. ಅವುಗಳಲ್ಲಿ ವೈನಿನ ಹನಿಯೂ ಬೇಕಾಗುವುದಿಲ್ಲ.

ಹಂತ 1: ಬಾಟಲಿ ತೆರೆಯುವ ಮೊದಲು ಅಡುಗೆಮನೆಯಲ್ಲಿ

ಎರಡು ಲೋಟಗಳಲ್ಲಿ ಒಂದೊಂದು ಚಮಚ ಚಹಾ ಪುಡಿ ಹಾಕಿ ಕುದಿಯುವ ನೀರು ಸುರಿಯಿರಿ. ಒಂದನ್ನು 2 ನಿಮಿಷಕ್ಕೆ, ಇನ್ನೊಂದನ್ನು 10 ನಿಮಿಷಕ್ಕೆ ಸೋಸಿ, ಹಾಲು ಸಕ್ಕರೆ ಏನನ್ನೂ ಬೆರೆಸದೆ ಉಗುರುಬೆಚ್ಚಗಾದ ಮೇಲೆ ಗುಟುಕರಿಸಿ. ಎರಡನೆಯ ಲೋಟದ ಚಹಾ ನಾಲಿಗೆಯ ಮೇಲೆ ಒರಟು ಬಟ್ಟೆಯಂತೆ ಎಳೆಯುತ್ತದೆ, ಹಲ್ಲಿನ ಮೇಲೆ ನಾಲಿಗೆ ಸರಾಗವಾಗಿ ಜಾರುವುದಿಲ್ಲ. ಟ್ಯಾನಿನ್‌ಗಳು ಎಂಜಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ಎಂಜಲಿನ ಜಾರುಗುಣ ಕಡಿಮೆಯಾಗುತ್ತದೆ. ಆದ್ದರಿಂದ ಒಗರನ್ನು ರುಚಿಯೆನ್ನುವುದಕ್ಕಿಂತ ಸ್ಪರ್ಶವೆಂದು ತಿಳಿಯುವುದು ಹೆಚ್ಚು ಸರಿ. ಇದಾದ ಮೇಲೆ ಹಾಗಲಕಾಯಿಯ ಒಂದು ಚೂರನ್ನು ಅಗಿಯಿರಿ. ಅಲ್ಲಿ ಕಹಿ ನಾಲಿಗೆಯ ಮೇಲೆ ಕೂರುತ್ತದೆ, ಬಾಯಿ ಮಾತ್ರ ಒಣಗುವುದಿಲ್ಲ. ಬೆಟ್ಟದ ನೆಲ್ಲಿಕಾಯಿ, ಅಡಿಕೆ, ಗೇರುಹಣ್ಣು, ನೇರಳೆ ಇವೆಲ್ಲ ಒಗರಿನ ಬೇರೆಬೇರೆ ಪಾಠಗಳು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿ ಉಳಿಯುವ ಚೊಗರನ್ನು ಬಲ್ಲವರಿಗಂತೂ ಗಾಢ ಒಗರು ಎಂದರೇನೆಂದು ವಿವರಿಸುವ ಅಗತ್ಯವೇ ಇಲ್ಲ.

ಮುಂದಿನದು ಹುಳಿ. ದ್ರಾಕ್ಷಿಯಲ್ಲಿ ಪ್ರಧಾನವಾಗಿರುವ ಟಾರ್ಟಾರಿಕ್ ಆಮ್ಲವೇ ನಮ್ಮ ಹುಣಸೆಹಣ್ಣಿನಲ್ಲೂ ಪ್ರಧಾನವಾಗಿದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ತೆಳುವಾದ ಹುಣಸೆ ನೀರು, ಹಸಿರು ಸೇಬಿನ ಒಂದು ಹೋಳು, ಒಂದು ದಿನ ಹುಳಿತ ಮೊಸರಿನ ತಿಳಿ, ಈ ಮೂರನ್ನು ಸಾಲಾಗಿ ಇಟ್ಟುಕೊಳ್ಳಿ. ಸೇಬಿನಲ್ಲಿರುವುದು ಮ್ಯಾಲಿಕ್ ಆಮ್ಲ, ಅದರ ಹುಳಿ ಚೂಪು. ಮೊಸರಿನದು ಲ್ಯಾಕ್ಟಿಕ್ ಆಮ್ಲ, ಅದರ ಹುಳಿ ಮೆದು. ಈ ವ್ಯತ್ಯಾಸವನ್ನು ಬಾಯಿಗೆ ಚೆನ್ನಾಗಿ ಪರಿಚಯ ಮಾಡಿಸಿಡಿ, ವೈನ್ ತಯಾರಿಕೆಯ ಒಂದು ಮುಖ್ಯ ಪದವನ್ನು ಅರಿಯಲು ಇದೇ ನೆರವಾಗಲಿದೆ. ಹುಳಿಯ ಗುರುತು ಬಾಯಲ್ಲಿ ನೀರೂರುವುದು, ಒಗರಿನ ಗುರುತು ಬಾಯಿ ಒಣಗುವುದು. ಎರಡೂ ಒಟ್ಟಿಗೆ ಬಂದು ಗೊಂದಲವಾದಾಗ, ಉಗುಳಿದ ಮೇಲೆ ಐದರವರೆಗೆ ಎಣಿಸಿ ತಲೆ ಬಗ್ಗಿಸಿ ನೋಡಿ: ದವಡೆಯ ಬದಿಗಳಿಂದ ನೀರು ಸುರಿದು ಬರುತ್ತಿದ್ದರೆ ವೈನಿನಲ್ಲಿ ಹುಳಿ ಹೆಚ್ಚಿದೆ.

ನೀರುಮಜ್ಜಿಗೆಯನ್ನೂ ಕಡೆದ ಗಟ್ಟಿ ಮಜ್ಜಿಗೆಯನ್ನೂ ಒಂದರ ಹಿಂದೊಂದು ಕುಡಿದರೆ ಇಂಗ್ಲಿಷಿನಲ್ಲಿ ಬಾಡಿ ಎನ್ನುವ ಗುಣ ತಿಳಿಯುತ್ತದೆ. ನಾನು ಅದನ್ನು ಮೈಕಟ್ಟು ಎಂದು ಬರೆದುಕೊಳ್ಳುತ್ತೇನೆ. ಬಾಯಿ ತುಂಬಿದಂತೆನ್ನಿಸುವ ತೂಕ ಎಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ, ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪು ಅದರಲ್ಲಿಲ್ಲ.

ಮೂಗಿನ ಅಭ್ಯಾಸಕ್ಕೆ ಮೊದಲು ಒಂದು ಪ್ರಯೋಗ ಮಾಡಬೇಕು. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಎರಡು ಕಾಳು ಏಲಕ್ಕಿಯನ್ನು ಅಗಿಯಿರಿ. ಕಾರವೂ ಅಲ್ಲದ ಕಹಿಯೂ ಅಲ್ಲದ ಮಂದವಾದ ಏನೋ ಒಂದು ಸಿಗುತ್ತದೆಯೇ ಹೊರತು ಏಲಕ್ಕಿ ಸಿಗುವುದಿಲ್ಲ. ಮೂಗು ಬಿಟ್ಟ ಕೂಡಲೇ ಅದರ ಕಂಪು ಗಂಟಲ ಹಿಂಬದಿಯಿಂದ ಮೇಲೇರಿ ಬರುತ್ತದೆ. ನಾವು ರುಚಿ ಎನ್ನುವುದರ ಬಹುಪಾಲು ಹೀಗೆ ಒಳದಾರಿಯಿಂದ ಮೂಗಿಗೆ ತಲುಪುವ ವಾಸನೆಯೇ ಆಗಿದೆ.

ನಂತರ ಹನ್ನೆರಡು ಹದಿಮೂರು ಪುಟ್ಟ ಬಟ್ಟಲುಗಳಲ್ಲಿ ಕಾಳುಮೆಣಸು, ಲವಂಗ, ಚಕ್ಕೆ, ಕಾಫಿ ಪುಡಿ, ಬೆಲ್ಲ, ಹುರಿದ ಕೊಬ್ಬರಿ, ಜೇನು, ನಿಂಬೆಸಿಪ್ಪೆ, ಸೀಬೆಹಣ್ಣು, ಅನಾನಸ್, ಹೆಚ್ಚಿದ ದೊಣ್ಣೆಮೆಣಸಿನಕಾಯಿ, ಒದ್ದೆ ಮಣ್ಣು, ಹಳೆಯ ಚರ್ಮದ ಪಟ್ಟಿ ಇವುಗಳನ್ನು ಇಟ್ಟು, ಕಣ್ಣು ಮುಚ್ಚಿಕೊಂಡು ಮನೆಯವರಲ್ಲಿ ಯಾರಾದರೂ ಒಂದೊಂದಾಗಿ ಮೂಗಿನ ಬಳಿ ಹಿಡಿಯುವಂತೆ ಹೇಳಿ. ದಿನವೂ ಬಳಸುವ ಲವಂಗದ ಹೆಸರೂ ಥಟ್ಟನೆ ಬಾಯಿಗೆ ಬಾರದೆ ಸತಾಯಿಸುತ್ತದೆ. ಮೂಗಿಗೆ ಗೊತ್ತಿದೆ, ಹೆಸರು ಮಾತ್ರ ಒದಗುತ್ತಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆನ್ ನೋಬಲ್ ಅವರು 1984ರಲ್ಲಿ ವೈನ್ ವಾಸನೆಗಳ ಚಕ್ರವೊಂದನ್ನು ಪ್ರಕಟಿಸಿದರು. ನಡುವಿನಲ್ಲಿ ಹಣ್ಣು, ಹೂವು, ಮಣ್ಣು, ಮರ ಎಂಬಂಥ ದೊಡ್ಡ ಗುಂಪುಗಳು, ಹೊರಕ್ಕೆ ಹೋದಂತೆ ಹೆಚ್ಚು ಖಚಿತವಾದ ಹೆಸರುಗಳು. ಸೊಗಸಾದ, ಗಂಭೀರವಾದ ಎಂಬಂಥ ಯಾರೂ ಅಳೆಯಲಾಗದ ಮಾತುಗಳಿಗೆ ಅದರಲ್ಲಿ ಜಾಗವಿಲ್ಲ. ನೀವೂ ಒಂದು ಹಾಳೆಯ ಮೇಲೆ ಇದೇ ಬಗೆಯ ಚಕ್ರ ಬರೆದು, ಹೊರಸುತ್ತಿನಲ್ಲಿ ನೇರಳೆ, ಹಲಸು, ಕರಿಬೇವು, ಕಾಕಂಬಿ, ಹುರಿಗಡಲೆ, ಮಳೆಬಿದ್ದ ನೆಲ ಎಂದು ನೀವು ನಿಜವಾಗಿ ಬಲ್ಲ ವಾಸನೆಗಳನ್ನು ತುಂಬಿಸಿ.

ಹಂತ 2: ಜಾಗ, ಲೋಟ, ತಂಪು

ಊದುಬತ್ತಿ, ಸಾಂಬ್ರಾಣಿ, ಒಗ್ಗರಣೆಯ ಘಾಟು, ಮುಡಿದ ಮಲ್ಲಿಗೆ, ಅತ್ತರು ಇವು ಯಾವುವೂ ಇಲ್ಲದ ಬೆಳಕಿನ ಜಾಗವನ್ನು ಆರಿಸಿಕೊಳ್ಳಿ. ಹಿಂದಿನ ಒಂದು ಗಂಟೆಯಲ್ಲಿ ಕಾಫಿ, ಎಲೆಅಡಿಕೆ ಬೇಡ. ಮೇಲ್ಭಾಗ ಕಿರಿದಾಗಿ ಬಾಗಿದ, ಕಾಲಿರುವ ಗಾಜಿನ ಲೋಟ ಬೇಕು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1977ರಲ್ಲಿ ಗೊತ್ತುಪಡಿಸಿದ ರುಚಿ ನೋಡುವ ಲೋಟದ ಅಳತೆ ಸುಮಾರು 215 ಮಿಲಿಲೀಟರ್, ಅದರಲ್ಲಿ ಸುರಿಯುವುದು 50 ಮಿಲಿಲೀಟರ್ ಮಾತ್ರ. ಉಳಿದ ಜಾಗ ವಾಸನೆ ತುಂಬಿಕೊಳ್ಳಲು. ಉಗುಳಲು ಒಂದು ಚೊಂಬು, ಬಾಯಿ ತೊಳೆಯಲು ನೀರು, ಉಪ್ಪು ಬೆಣ್ಣೆಗಳಿಲ್ಲದ ಬ್ರೆಡ್ಡು ಪಕ್ಕದಲ್ಲಿರಲಿ.

ತಂಪಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಗುವ ತಪ್ಪು ಒಂದೇ ತೆರನದು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂಬ ಮಾತು ಹುಟ್ಟಿದ್ದು ಯುರೋಪಿನ ಚಳಿಯ ಕೋಣೆಗಳಲ್ಲಿ. ಕಲಬುರಗಿಯ ಬೇಸಗೆಯ ಕೋಣೆಗೆ ಅದು ಹೊಂದುವುದಿಲ್ಲ. ಕೆಂಪಿಗೆ 15ರಿಂದ 18 ಡಿಗ್ರಿ, ಬಿಳಿಗೆ 8ರಿಂದ 12, ನೊರೆಯುಕ್ಕುವ ವೈನಿಗೆ 6ರಿಂದ 10 ಡಿಗ್ರಿ ಸೆಲ್ಸಿಯಸ್ ಸರಿಯಾದದ್ದು. ಆದ್ದರಿಂದ ನಮ್ಮಲ್ಲಿ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಬಿಸಿಯಾದ ವೈನಿನಲ್ಲಿ ಮದ್ಯಸಾರದ ಘಾಟು ಮೇಲೆದ್ದು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ, ತೀರ ತಣ್ಣಗಾದದ್ದರಲ್ಲಿ ಕಂಪು ಅಡಗಿ ಒಗರು ಮಾತ್ರ ಎದ್ದು ಕಾಣುತ್ತದೆ.

ಹಂತ 3: ನೋಡುವುದು

ಬಿಳಿ ಕಾಗದದ ಮೇಲೆ ಲೋಟವನ್ನು ಓರೆಯಾಗಿ ಹಿಡಿದು ನಡುವಿನ ಬಣ್ಣವನ್ನೂ ಅಂಚಿನ ಬಣ್ಣವನ್ನೂ ಹೋಲಿಸಿ. ಬಿಳಿ ವೈನು ವಯಸ್ಸಾದಂತೆ ಗಾಢವಾಗಿ ಜೇನಿನ ಬಣ್ಣದತ್ತ ಸಾಗುತ್ತದೆ. ಕೆಂಪು ವೈನು ಅದಕ್ಕೆ ತದ್ವಿರುದ್ಧವಾಗಿ ನೇರಳೆಯ ಕಡುಬಣ್ಣದಿಂದ ಹೆಂಚಿನ ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ತೆಳುವಾಗುತ್ತದೆ. ಲೋಟ ಅಲುಗಿಸಿದ ಮೇಲೆ ಗಾಜಿನ ಒಳಬದಿಯಲ್ಲಿ ಇಳಿಯುವ ಹನಿಗೆರೆಗಳನ್ನು ವೈನಿನ ಕಣ್ಣೀರು ಎನ್ನುತ್ತಾರೆ. ನೀರಿಗಿಂತ ಮದ್ಯಸಾರ ಬೇಗ ಆವಿಯಾಗುವುದರಿಂದ ಮೇಲ್ಮೈ ಎಳೆತದಲ್ಲಿ ಉಂಟಾಗುವ ವ್ಯತ್ಯಾಸ ಇದಕ್ಕೆ ಕಾರಣವೆಂದು ವಿಜ್ಞಾನಿ ಜೇಮ್ಸ್ ಥಾಮ್ಸನ್ 1855ರಲ್ಲೇ ವಿವರಿಸಿದ್ದಾರೆ. ವೈನು ಉತ್ತಮವಾದದ್ದೋ ಅಲ್ಲವೋ ಎಂಬುದನ್ನು ಈ ಗೆರೆಗಳು ಹೇಳುವುದಿಲ್ಲ.

ಕಣ್ಣಿಗೆ ಹೆಚ್ಚು ಅಧಿಕಾರ ಕೊಡಬಾರದು ಎಂಬುದಕ್ಕೆ ಫ್ರಾನ್ಸಿನ ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದು ಸಾಕ್ಷಿಯಾಗಿದೆ. ವೈನ್ ವಿಜ್ಞಾನ ಓದುತ್ತಿದ್ದ 54 ಮಂದಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟಾಗ, ಅವರು ಅದರ ವಾಸನೆಯನ್ನು ವರ್ಣಿಸಲು ಕೆಂಪು ವೈನಿಗೆ ಬಳಸುವ ಪದಗಳನ್ನೇ ಬಳಸಿದರು. ಕಣ್ಣು ಮೊದಲೇ ತೀರ್ಪು ಕೊಟ್ಟಿದ್ದರಿಂದ ಮೂಗಿನ ಶಬ್ದಕೋಶ ಅದನ್ನು ಹಿಂಬಾಲಿಸಿತು. ಬಣ್ಣವನ್ನು ಬರೆದುಕೊಂಡು, ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಿ.

ಹಂತ 4: ಮೂಸುವುದು

ಮೊದಲು ಲೋಟವನ್ನು ಅಲುಗಿಸದೆ ಒಮ್ಮೆ, ಬಳಿಕ ಮೇಜಿನ ಮೇಲಿಟ್ಟೇ ಮೂರು ಸುತ್ತು ತಿರುಗಿಸಿ ಇನ್ನೊಮ್ಮೆ, ಸಣ್ಣ ಸಣ್ಣ ಉಸಿರೆಳೆದು ಮೂಸಿ. ಉದ್ದವಾಗಿ ಎಳೆದರೆ ಮೂಗು ಬೇಗ ಮಂಕಾಗುತ್ತದೆ, ಹಾಗಾದಾಗ ನಿಮ್ಮದೇ ತೋಳಿನ ಬಟ್ಟೆಯನ್ನು ಮೂಸಿ ಮತ್ತೆ ಲೋಟಕ್ಕೆ ಮರಳಿ. ಈಗ ನಿಮ್ಮನ್ನು ನೀವು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಹಣ್ಣಿನಿಂದ ಬಂದದ್ದು ಯಾವುದು? ಹುದುಗಿನಿಂದ ಬಂದದ್ದು ಯಾವುದು? ಪೀಪಾಯಿ ಮತ್ತು ಕಾಲದಿಂದ ಬಂದದ್ದು ಯಾವುದು? ಹಣ್ಣು, ಹೂವು, ಸೊಪ್ಪು, ಮೆಣಸು ಮೊದಲ ಗುಂಪಿನವು. ಉಬ್ಬಿದ ದೋಸೆಹಿಟ್ಟು, ಬ್ರೆಡ್ಡು, ಬೆಣ್ಣೆ, ಮಜ್ಜಿಗೆ ಎರಡನೆಯವು. ವೆನಿಲಾ, ಕೊಬ್ಬರಿ, ಹೊಗೆ, ಚರ್ಮ, ಒಣದ್ರಾಕ್ಷಿ, ಅಣಬೆ ಮೂರನೆಯವು. ಈ ವಿಂಗಡಣೆ ರೂಢಿಯಾದರೆ ಒಂದೇ ಒಂದು ಹಣ್ಣಿನ ಹೆಸರು ಹೊಳೆಯದಿದ್ದರೂ ವೈನಿನ ಹುಟ್ಟಿನ ಕಥೆ ಅರ್ಧ ತಿಳಿದಂತೆಯೇ.

ಸೊಗಡು ಎಂಬ ನಮ್ಮ ಪದವನ್ನು ಇಲ್ಲಿ ನೆನೆಯಬೇಕು. ಮಾಗಿಯ ಚಳಿಯಲ್ಲಿ ಬಿಡಿಸುವಾಗ ಬೆರಳಿಗೆಲ್ಲ ಅಂಟುವ ಅವರೆಕಾಯಿಯ ಸೊಗಡು ಬೇರೆ ಯಾವ ಕಾಯಿಗೂ ಇಲ್ಲ. ಮಣ್ಣು, ಹವೆ, ಇಳಿಜಾರು, ಬೆಳೆಗಾರನ ಕೈ ಇವೆಲ್ಲ ಸೇರಿ ಒಂದು ಜಾಗದ ವೈನಿಗೆ ಕೊಡುವ ಗುರುತನ್ನು ಫ್ರೆಂಚರು ಟೆರ್‌ವಾರ್ ಎನ್ನುತ್ತಾರೆ. ಅದರ ಫಲವಾಗಿ ಲೋಟದಲ್ಲಿ ಸಿಗುವುದನ್ನು ಸೊಗಡು ಎಂದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಊರಿನ ಹೆಸರಿನಿಂದ ವೈನನ್ನು ಗುರುತಿಸುವ ಹಕ್ಕನ್ನು ಫ್ರಾನ್ಸ್ 1935ರಲ್ಲಿ ಕಾನೂನಿನ ಚೌಕಟ್ಟಿಗೆ ತಂದಿತು. ಆದರೆ ಊರಿನ ಹೆಸರು ಹೊತ್ತ ವೈನು ಅದಕ್ಕಿಂತ ಬಹಳ ಹಳೆಯದು: ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಿಯ ಮದ್ಯವನ್ನು ಮಧು ಎಂದು ಕರೆದು, ಅದರ ಕಾಪಿಶಾಯನ, ಹಾರಹೂರಕ ಎಂಬ ಬಗೆಗಳನ್ನು ಅವು ಹುಟ್ಟಿದ ನಾಡಿನಿಂದಲೇ ಹೆಸರಿಸುತ್ತದೆ.

ಹಂತ 5: ಬಾಯಿಗೆ ತೆಗೆದುಕೊಳ್ಳುವುದು

ಒಂದು ಚಮಚದಷ್ಟು ವೈನನ್ನು ಬಾಯಿಗೆ ಹಾಕಿಕೊಂಡು, ತುಟಿಯ ಸಂದಿಯಿಂದ ಸ್ವಲ್ಪ ಗಾಳಿ ಎಳೆದು, ಬಾಯಿ ಮುಕ್ಕಳಿಸುವಂತೆ ಎಲ್ಲ ಕಡೆಗೂ ಹಾಯಿಸಿ ಹತ್ತು ಸೆಕೆಂಡಿನ ಬಳಿಕ ಉಗುಳಿ. ನಾಲಿಗೆಯ ತುದಿಗೆ ಸಿಹಿ, ಬದಿಗೆ ಹುಳಿ ಎಂದು ಹಳೆಯ ಪಠ್ಯಗಳಲ್ಲಿದ್ದ ಚಿತ್ರವನ್ನು ಮರೆತುಬಿಡಿ. ರುಚಿಮೊಗ್ಗುಗಳಿರುವ ಎಲ್ಲ ಕಡೆಯೂ ಎಲ್ಲ ರುಚಿಗಳೂ ತಿಳಿಯುತ್ತವೆ.

ಸಿಹಿಯನ್ನು ಮೊದಲು ತೀರ್ಮಾನಿಸಿ. ಡ್ರೈ ಎಂಬ ಪದ ಹೊಸಬರನ್ನು ಬಹಳ ದಾರಿ ತಪ್ಪಿಸುತ್ತದೆ. ಸಕ್ಕರೆ ಹೆಚ್ಚುಕಡಿಮೆ ಉಳಿದಿಲ್ಲ ಎಂಬುದಷ್ಟೇ ಅದರ ಅರ್ಥ, ಬಾಯಿ ಒಣಗುತ್ತದೆ ಎಂಬುದು ಅಲ್ಲ. ಯುರೋಪಿನ ನಿಯಮದಂತೆ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಮೀರದಷ್ಟು ಸಕ್ಕರೆಯಿದ್ದರೆ ಅದು ಡ್ರೈ. ಮಾಗಿದ ಹಣ್ಣಿನ ಕಂಪಿರುವ ಡ್ರೈ ವೈನು ಸಿಹಿಯೆಂಬ ಭ್ರಮೆ ಹುಟ್ಟಿಸುತ್ತದೆ. ಅನುಮಾನ ಬಂದರೆ ಮೂಗು ಹಿಡಿದು ಗುಟುಕರಿಸಿ, ಆಗಲೂ ಸಿಹಿಯಿದ್ದರೆ ಅದು ನಿಜವಾದ ಸಕ್ಕರೆ. ಆಮೇಲೆ ಹುಳಿ. ಅದು ಹದವಾಗಿದ್ದರೆ ವೈನು ಚುರುಕು, ಕಡಿಮೆಯಿದ್ದರೆ ಸಪ್ಪೆ. ಉಪ್ಪಿಲ್ಲದ ಸಾರಿಗೆ ನಾವು ಹೇಳುವ ಸಪ್ಪೆ ಎಂಬ ಮಾತೇ ಇಲ್ಲಿಯೂ ಸಲ್ಲುತ್ತದೆ. ಒಗರಿನಲ್ಲಿ ಪ್ರಮಾಣವನ್ನು ಮಾತ್ರವಲ್ಲದೆ ಬಗೆಯನ್ನೂ ಬರೆದುಕೊಳ್ಳಬೇಕು: ಕಾಯಿ ಒಗರೋ, ಹಣ್ಣಾದ ಒಗರೋ, ನುಣುಪೋ, ತರಿತರಿಯೋ. ಮದ್ಯಸಾರ ಗಂಟಲಿನಲ್ಲಿ ಬಿಸಿಯಾಗಿ ತಿಳಿಯುತ್ತದೆ. ಮೈಕಟ್ಟನ್ನು ಮಜ್ಜಿಗೆಯ ನೆನಪಿನಿಂದ ತೂಗಿ ನೋಡಿ.

ಉಗುಳಿದ ಮೇಲೆ ಬಾಯಲ್ಲಿ ಕಂಪು ಎಷ್ಟು ಹೊತ್ತು ಉಳಿಯುತ್ತದೆ ಎಂದು ಸೆಕೆಂಡುಗಳಲ್ಲಿ ಎಣಿಸಿ. ಫ್ರೆಂಚರು ಒಂದು ಸೆಕೆಂಡಿಗೆ ಒಂದು ಕೋದಾಲಿ ಎಂದು ಅಳೆಯುತ್ತಾರೆ, ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದು ಉಳಿರುಚಿ. ಕಾಲಕ್ಷೇಪಕ್ಕೆ ಕುಡಿಯುವ ವೈನಿಗೂ ಮನಸ್ಸಿಟ್ಟು ಕುಡಿಯಬೇಕಾದ ವೈನಿಗೂ ಇರುವ ವ್ಯತ್ಯಾಸ ನನಗೆ ಹೆಚ್ಚಾಗಿ ತಿಳಿದಿರುವುದು ಈ ಎಣಿಕೆಯಿಂದಲೇ.

ಹಂತ 6: ತಳಿಗಳ ಪರಿಚಯ, ಎರಡೆರಡಾಗಿ

ಒಂದೇ ವೈನನ್ನು ಒಂಟಿಯಾಗಿ ನೋಡಿದರೆ ಕಲಿಯುವುದು ಕಡಿಮೆ, ಎರಡನ್ನು ಪಕ್ಕಪಕ್ಕ ಇಟ್ಟರೆ ಪದಗಳು ತಾವಾಗಿ ಹುಟ್ಟುತ್ತವೆ. ಮೊದಲ ಜೋಡಿಯಾಗಿ ಸೋವಿನ್ಯೋಂ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನುಗಳನ್ನು ತೆಗೆದುಕೊಳ್ಳಿ. ಎರಡೂ ಫ್ರಾನ್ಸಿನ ಲುವಾರ್ ನದಿಯ ಕಣಿವೆಯಲ್ಲಿ ಹೆಸರಾದ ತಳಿಗಳು, ಎರಡೂ ನಾಸಿಕದಲ್ಲಿ ವ್ಯಾಪಕವಾಗಿ ಬೆಳೆಯುತ್ತವೆ. ಸೋವಿನ್ಯೋಂನಲ್ಲಿ ದೊಣ್ಣೆಮೆಣಸಿನಕಾಯಿಯನ್ನು ಆಗತಾನೇ ಹೆಚ್ಚಿದಂಥ ಹಸಿ ವಾಸನೆ ಬಂದರೆ ಅದು ನಿಮ್ಮ ಕಲ್ಪನೆಯಲ್ಲ, ಆ ಕಾಯಿಯಲ್ಲೂ ಈ ವೈನಿನಲ್ಲೂ ಇರುವುದು ಮೆಥಾಕ್ಸಿಪೈರಜೀನ್ ಎಂಬ ಒಂದೇ ಗುಂಪಿನ ರಾಸಾಯನಿಕ. ಬಿಸಿಲು ಹೆಚ್ಚಾಗಿ ಹಣ್ಣು ಚೆನ್ನಾಗಿ ಮಾಗಿದಂತೆ ಅದು ಇಳಿದು, ಪ್ಯಾಶನ್ ಹಣ್ಣು, ಸೀಬೆಹಣ್ಣುಗಳ ಕಂಪು ಮುಂದೆ ಬರುತ್ತದೆ. ಶೆನಿನ್ ಇಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ. ಸೇಬು, ಮರಸೇಬು (ಪೇರ್ ಹಣ್ಣು), ಒಂದಿಷ್ಟು ಜೇನು, ಅದರ ಕೆಳಗೆ ಗಟ್ಟಿಯಾದ ಹುಳಿ. ಈ ಹುಳಿಯ ಬಲದಿಂದಲೇ ಡ್ರೈ, ಸಿಹಿ, ನೊರೆಯ ವೈನ್ ಮೂರಕ್ಕೂ ಅದು ಒದಗುತ್ತದೆ.

ಎರಡನೆಯ ಜೋಡಿ ಕೆಂಪು ವೈನಿನದು, ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್. ಕ್ಯಾಬರ್ನೆ ಸೋವಿನ್ಯೋಂ ತಳಿಯು ಕ್ಯಾಬರ್ನೆ ಫ್ರಾಂಕ್ ಮತ್ತು ಸೋವಿನ್ಯೋಂ ಬ್ಲಾಂಕ್‌ಗಳ ಮಗುವೆಂದು ಡೇವಿಸ್‌ನ ವಿಜ್ಞಾನಿಗಳು ನಡೆಸಿದ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಕಪ್ಪು ದ್ರಾಕ್ಷಿಗೆ ಹೆತ್ತವರಲ್ಲೊಂದು ಬಿಳಿ ದ್ರಾಕ್ಷಿ! ಕಾಯಿತನ ಬಿಡದ ಕ್ಯಾಬರ್ನೆಯಲ್ಲಿ ಆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಸಿಗುವುದೂ ಇದಕ್ಕೆ ಹೊಂದಿಕೊಳ್ಳುತ್ತದೆ. ಇದರ ಸಣ್ಣ ಕಾಳು, ದಪ್ಪ ಸಿಪ್ಪೆಗಳಿಂದ ಬರುವ ಒಗರು ಗಟ್ಟಿ. ಚೀಟಿಯಲ್ಲಿ ಬ್ಲ್ಯಾಕ್‌ಕರಂಟ್ ಎಂದಿರುವಲ್ಲಿ ನಾನು ಬಣ್ಣ, ಹುಳಿ, ಒಗರು ಮೂರೂ ಕೂಡಿದ ನೇರಳೆಹಣ್ಣನ್ನು ನೆನೆಯುತ್ತೇನೆ. ಎರಡರ ವಾಸನೆ ಒಂದೇ ಅಲ್ಲ, ಆದರೆ ನನ್ನ ನೆನಪಿಗೆ ಹಿಡಿಕೆ ಸಿಕ್ಕಿತು, ಮುಂದೆ ವ್ಯತ್ಯಾಸವನ್ನು ತಿದ್ದಿಕೊಳ್ಳಲು ಸಾಧ್ಯವಾಯಿತು. ಶಿರಾಜ್ ಫ್ರಾನ್ಸಿನ ರೋನ್ ಕಣಿವೆಯ ಸಿರಾ ತಳಿಯೇ, ಆಸ್ಟ್ರೇಲಿಯದಲ್ಲಿ ಪಡೆದ ಹೆಸರು ಶಿರಾಜ್. ಅದರ ಕಾಳುಮೆಣಸಿನ ಕಂಪಿಗೆ ರೊಟಂಡೋನ್ ಎಂಬ ವಸ್ತು ಕಾರಣವೆಂದು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ತೋರಿಸಿದರು. ನಮ್ಮ ಮಲೆನಾಡಿನ ಕಾಳುಮೆಣಸಿನ ಕಂಪಿಗೂ ಅದೇ ವಸ್ತು ಕಾರಣ. ಆ ಪರೀಕ್ಷೆಯಲ್ಲಿ ಐವರಲ್ಲಿ ಒಬ್ಬರಿಗೆ ಅದರ ವಾಸನೆ ಗೊತ್ತಾಗಲೇ ಇಲ್ಲ. ಪಕ್ಕದವರು ಮೆಣಸು ಎಂದು ಹೇಳಿ ನಿಮಗೆ ಅದು ಸಿಗದಿದ್ದರೆ ಸಂಕೋಚಪಡಬೇಕಾಗಿಲ್ಲ, ನಿಮ್ಮ ಮೂಗಿನ ರಚನೆ ಹಾಗಿರಬಹುದು. ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟದ ಹೆಸರಾಂತ ಲಾ ರಿಸರ್ವ್ ಈ ಎರಡೂ ತಳಿಗಳ ಮಿಶ್ರಣವಾದ್ದರಿಂದ, ಜೋಡಿಯನ್ನು ಬೇರೆಬೇರೆಯಾಗಿ ನೋಡಿದ ಬಳಿಕ ಅಂಥ ಮಿಶ್ರಣವನ್ನು ಮೂರನೆಯ ಲೋಟವಾಗಿ ಇಟ್ಟುಕೊಳ್ಳುವುದು ಒಳ್ಳೆಯ ಪಾಠ.

ಉಳಿದ ತಳಿಗಳನ್ನು ನಿಧಾನವಾಗಿ ಪರಿಚಯಿಸಿಕೊಳ್ಳಬಹುದು. ಫ್ರಾನ್ಸಿನ ಬರ್ಗಂಡಿಯ ಬಿಳಿ ತಳಿ ಶಾರ್ಡೊನೆಗೆ ತನ್ನದೇ ಆದ ಗಟ್ಟಿ ಕಂಪಿಲ್ಲ, ಬೆಳೆದ ಜಾಗ ಮತ್ತು ತಯಾರಿಕೆಯ ರೀತಿಯನ್ನು ಅದು ತೋರಿಸುತ್ತದೆ. ಜರ್ಮನಿಯ ರೀಸ್ಲಿಂಗ್ ಹಳತಾದಾಗ ಸೀಮೆಎಣ್ಣೆಯನ್ನು ನೆನಪಿಸುತ್ತದೆ, ಅದು ದೋಷವಲ್ಲ. ಪಿನೋ ನುವಾರ್ ತೆಳುಬಣ್ಣದ, ಒಗರು ಕಡಿಮೆಯ ಕೆಂಪು. ಮೆರ್ಲೋ ಮೆದು. ಇಟಲಿಯ ಸಾಂಜೊವೇಸೆಯಲ್ಲಿ ಹುಳಿ ಒಗರು ಎರಡೂ ಹೆಚ್ಚು.

ನಮ್ಮ ಮನೆಬಾಗಿಲಿನ ತಳಿಯನ್ನು ಮಾತ್ರ ಹೀಗೆ ಒಂದು ಸಾಲಿನಲ್ಲಿ ಮುಗಿಸಲಾರೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಕಡೆ ಬೆಳೆಯುವ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯು ಮೇಲೆ ಹೇಳಿದ ಯುರೋಪಿನ ವಿನಿಫೆರಾ ಜಾತಿಯದಲ್ಲ, ಅಮೆರಿಕ ಮೂಲದ ಲಬ್ರುಸ್ಕಾ ರಕ್ತ ಅದರಲ್ಲಿದೆ. ಸಿಪ್ಪೆ ತಿರುಳಿನಿಂದ ಸುಲಭವಾಗಿ ಕಳಚಿಕೊಳ್ಳುತ್ತದೆ, ದ್ರಾಕ್ಷಿ ಜ್ಯೂಸ್ ಎಂದ ಕೂಡಲೇ ನಮಗೆ ನೆನಪಾಗುವ ಆ ಭಾರವಾದ ಕಂಪು ಅದರದೇ. ಇಂಗ್ಲಿಷಿನಲ್ಲಿ ಈ ವಾಸನೆಗೆ ನರಿಯ ಹೆಸರಿಟ್ಟು ಹೀನವಾಗಿ ಕಾಣುವ ರೂಢಿಯಿದೆ. ಉತ್ತಮ ಡ್ರೈ ವೈನಿಗೆ ಅದು ಒಗ್ಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಕಂಪನ್ನು ಬಾಲ್ಯದಿಂದ ಬಲ್ಲ ನಮಗೆ ಅದು ಒಂದು ಅಳತೆಗೋಲು: ವಿನಿಫೆರಾ ವೈನಿನಲ್ಲಿ ಅದು ಇಲ್ಲದಿರುವುದನ್ನು ಗುರುತಿಸುವುದೂ ಕಲಿಕೆಯೇ.

ಹಂತ 7: ತಯಾರಿಕೆಯ ಪದಗಳು, ಕೆಲಸ ನಡೆಯುವ ಕ್ರಮದಲ್ಲಿ

ಪದಗಳನ್ನು ಅಕಾರಾದಿಯಾಗಿ ಬಾಯಿಪಾಠ ಮಾಡುವುದಕ್ಕಿಂತ ತೋಟದಿಂದ ಬಾಟಲಿಯವರೆಗೆ ನಡೆದುಕೊಂಡು ಹೋಗುವುದು ಮೇಲು. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ರಿಸುತ್ತದೆ, ವರ್ಷಕ್ಕೊಂದೇ ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ. ನಮ್ಮ ಹವೆಯಲ್ಲಿ ಬಳ್ಳಿಗೆ ಆ ನಿದ್ರೆಯಿಲ್ಲದ ಕಾರಣ ಏಪ್ರಿಲ್ ಹೊತ್ತಿಗೆ ಒಮ್ಮೆ ಕಡ್ಡಿಗಾಗಿ, ಸೆಪ್ಟೆಂಬರ್‌–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಹಣ್ಣಿಗಾಗಿ ಚಾಟನಿ ಮಾಡುತ್ತಾರೆ. ಆದ್ದರಿಂದ ಅಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವ ಕೊಯ್ಲು ಇಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಬಾಟಲಿಯ ಮೇಲಿನ ವಿಂಟೇಜ್ ಎಂಬುದು ಈ ಕೊಯ್ಲಿನ ವರ್ಷ.

ಹಣ್ಣಿನ ರಸದಲ್ಲಿರುವ ಸಕ್ಕರೆಯ ಅಳತೆ ಬ್ರಿಕ್ಸ್. ಜಜ್ಜಿದ ಹಣ್ಣು ರಸಗಳ ಕಲಸು ಮಸ್ಟ್. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ, ಇಂಗಾಲದ ಡೈಆಕ್ಸೈಡ್ ಮತ್ತು ಕಾವನ್ನು ಹೊರಬಿಡುವುದೇ ಹುದುಗುವಿಕೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಸೇಕಡಾ 1ರಷ್ಟು ಮದ್ಯಸಾರವಾಗುತ್ತದೆ. ದ್ರಾಕ್ಷಾರಿಷ್ಟವನ್ನು ಔಷಧಿಯಾಗಿ ಕುಡಿದವರಿಗೆ ಹುದುಗಿದ ದ್ರಾಕ್ಷಿಯ ಪರಿಚಯ ಆಗಲೇ ಇದೆ. ಬಿಳಿ ವೈನಿಗೆ ಹಣ್ಣನ್ನು ಮೊದಲೇ ಹಿಂಡಿ ರಸವನ್ನು ಮಾತ್ರ ಹುದುಗಿಸುತ್ತಾರೆ. ಕೆಂಪಿಗೆ ಸಿಪ್ಪೆ ಬೀಜಗಳೊಂದಿಗೆ ನೆನೆಸುತ್ತಾರೆ, ಈ ನೆನೆಸುವಿಕೆ ಮ್ಯಾಸರೇಶನ್. ಬಣ್ಣವೂ ಒಗರೂ ಬರುವುದು ಆ ಸಿಪ್ಪೆಯಿಂದ. ಕೆಲವೇ ಗಂಟೆ ನೆನೆಸಿ ತೆಗೆದರೆ ರೋಸೆ. ಮೇಲೆ ತೇಲಿ ಗಟ್ಟಿಯಾಗುವ ಸಿಪ್ಪೆಯ ಪದರವನ್ನು ದಿನವೂ ಕೆಳಕ್ಕೆ ಅದುಮಬೇಕು, ಇಲ್ಲವೇ ಅಡಿಯ ರಸವನ್ನು ಅದರ ಮೇಲೆ ಸುರಿಯಬೇಕು.

ಬಳಿಕ ಬರುವುದು ಮ್ಯಾಲೊಲ್ಯಾಕ್ಟಿಕ್ ಬದಲಾವಣೆ. ಮೊದಲ ಹಂತದಲ್ಲಿ ಸೇಬನ್ನೂ ಮೊಸರನ್ನೂ ಪಕ್ಕಪಕ್ಕ ಇಟ್ಟದ್ದು ಇದಕ್ಕಾಗಿಯೇ: ಬ್ಯಾಕ್ಟೀರಿಯಾಗಳು ಚೂಪಾದ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಈ ಹಾದಿಯಲ್ಲಿ ಹುಟ್ಟುವ ಡೈಅಸಿಟೈಲ್‌ನಿಂದಲೇ ಕೆಲವು ಶಾರ್ಡೊನೆಗಳಲ್ಲಿ ಬೆಣ್ಣೆಯ ಕಂಪಿರುತ್ತದೆ. ತಳದಲ್ಲಿ ಕೂರುವ ಸತ್ತ ಯೀಸ್ಟಿನ ಚರಟ ಲೀಸ್. ಅದರ ಮೇಲೆಯೇ ತಿಂಗಳುಗಟ್ಟಲೆ ಬಿಟ್ಟರೆ ಮೈಕಟ್ಟು ತುಂಬಿಕೊಂಡು ಬ್ರೆಡ್ಡಿನ ವಾಸನೆ ಬರುತ್ತದೆ. ಓಕ್ ಮರದ ಪೀಪಾಯಿಯಲ್ಲಿ, ಬೋರ್ಡೋದ ವಾಡಿಕೆಯ ಅಳತೆಯಲ್ಲಿ 225 ಲೀಟರಿನದು, ಇಟ್ಟ ವೈನಿಗೆ ವೆನಿಲಾ, ಚಕ್ಕೆ, ಹೊಗೆಯ ಛಾಯೆಗಳು ಬರುತ್ತವೆ. ಕೊಬ್ಬರಿಯ ವಾಸನೆ ಎದ್ದು ಕಂಡರೆ ಅಮೆರಿಕದ ಓಕ್ ಇರಬಹುದೆಂದು ಊಹಿಸಿ. ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಅಥವಾ ಬೆಂಟೊನೈಟ್ ಎಂಬ ಜೇಡಿಯನ್ನು ಬಳಸುತ್ತಾರೆ, ಇದು ಫೈನಿಂಗ್. ಸಸ್ಯಾಹಾರಿಗಳು ಈ ಪದವನ್ನು ತಪ್ಪದೆ ತಿಳಿದಿರಬೇಕು, ಏಕೆಂದರೆ ದ್ರಾಕ್ಷಿಯಿಂದಷ್ಟೇ ಆಯಿತೆಂಬ ಕಾರಣಕ್ಕೆ ಎಲ್ಲ ವೈನೂ ಸಸ್ಯಾಹಾರವಾಗಿರುವುದಿಲ್ಲ.

ಶಾಂಪೇನ್‌ನಲ್ಲಿ ಎರಡನೆಯ ಹುದುಗುವಿಕೆ ಬಾಟಲಿಯೊಳಗೇ ನಡೆದು ಸುಮಾರು 6 ವಾಯುಭಾರದಷ್ಟು ಒತ್ತಡ ಏರ್ಪಡುತ್ತದೆ. ಕನಿಷ್ಠ 15 ತಿಂಗಳ ಬಳಿಕವೇ ಅದು ಮಾರಾಟಕ್ಕೆ ಬರಬೇಕು. ಚೀಟಿಯ ಮೇಲಿನ ಬ್ರೂಟ್ ಎಂದರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ.

ಹಂತ 8: ಕೆಟ್ಟದ್ದನ್ನು ಗುರುತಿಸುವುದು

ಈ ವಿಷಯದಲ್ಲಿ ಕನ್ನಡದ ಸಂಪತ್ತು ನಿಜಕ್ಕೂ ದೊಡ್ಡದು. ಮಳೆಗಾಲದಲ್ಲಿ ಮುಗ್ಗಿದ ಅಕ್ಕಿಮೂಟೆ, ಒದ್ದೆ ರಟ್ಟಿನ ಪೆಟ್ಟಿಗೆಗಳ ಮುಗ್ಗಲು ವಾಸನೆ ವೈನಿನಲ್ಲಿ ಬಂದರೆ ಅದು ಬಿರಡೆಯ ದೋಷ. ಟಿಸಿಎ ಎಂಬ ವಸ್ತು ಲೀಟರಿನಲ್ಲಿ ಕೆಲವೇ ನ್ಯಾನೊಗ್ರಾಂ ಇದ್ದರೂ ಹಣ್ಣಿನ ಕಂಪನ್ನೆಲ್ಲ ಅಡಗಿಸುತ್ತದೆ. ಸ್ವಲ್ಪ ಹೊತ್ತು ತೆರೆದಿಟ್ಟರೆ ಸರಿಹೋಗುವ ತೊಂದರೆ ಇದಲ್ಲ, ಬಾಟಲಿಯನ್ನು ಹಿಂದಿರುಗಿಸಬೇಕು. ವಿನಿಗರ್ ಅಥವಾ ಉಗುರುಬಣ್ಣದ ಘಾಟು ಬಂದರೆ ಬಾಷ್ಪಶೀಲ ಆಮ್ಲ ಮಿತಿಮೀರಿದೆ. ಕೊಳೆತ ಮೊಟ್ಟೆಯ ನಾತ ಗಂಧಕದ ಸಂಯುಕ್ತಗಳದು, ಲೋಟ ತಿರುಗಿಸಿ ಗಾಳಿಯಾಡಿಸಿದರೆ ಕೆಲವೊಮ್ಮೆ ಹೋಗುತ್ತದೆ. ಕುದುರೆಲಾಯ, ಗಾಯದ ಪಟ್ಟಿಯ ವಾಸನೆ ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟಿನದು. ತೀರ ಕಡಿಮೆಯಿದ್ದಾಗ ಕೆಲವರು ಮೆಚ್ಚುತ್ತಾರೆ, ನನಗೆ ಒಗ್ಗುವುದಿಲ್ಲ.

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಡುವುದು ಕಾವಿನ ಹಾನಿ. ಬಿಸಿಲು ನೇರವಾಗಿ ಬೀಳುವ ಕಪಾಟಿನಲ್ಲಿಟ್ಟಿದ್ದ ಬೆಲೆಬಾಳುವ ಬಾಟಲಿಯೊಂದನ್ನು ಅಂಗಡಿಯೊಂದರಿಂದ ತಂದು, ಅದರ ಬೆಂದ ಜಾಮಿನಂಥ ವಾಸನೆಯನ್ನೇ ಆ ವೈನಿನ ಗುಣವೆಂದು ನಂಬಿ ಪುಟ ತುಂಬ ಬರೆದಿದ್ದೆ. ಅದೇ ವೈನಿನ ಸುಸ್ಥಿತಿಯ ಬಾಟಲಿ ಸಿಕ್ಕಾಗ ಆ ಪುಟವನ್ನು ಹೊಡೆದುಹಾಕಬೇಕಾಯಿತು. ಬಿರಡೆ ಮೇಲಕ್ಕೆ ಉಬ್ಬಿದ್ದರೆ ಅಥವಾ ಕತ್ತಿನ ಬಳಿ ಒಸರಿದ ಕಲೆಯಿದ್ದರೆ ಕೊಳ್ಳಬೇಡಿ. ತಳದಲ್ಲಿ ಹರಳುಗಳು ಕಂಡರೆ ಮಾತ್ರ ಹೆದರಬೇಕಾಗಿಲ್ಲ, ಅವು ತಣ್ಣಗಾದಾಗ ಕಟ್ಟಿಕೊಂಡ ಟಾರ್ಟಾರಿಕ್ ಆಮ್ಲದ ಲವಣ.

ಹಂತ 9: ಬರೆದಿಡುವುದು ಮತ್ತು ಪರೀಕ್ಷಿಸಿಕೊಳ್ಳುವುದು

ನೋಟ, ವಾಸನೆ, ಬಾಯಿ, ಉಳಿರುಚಿ ಈ ಕ್ರಮದಲ್ಲಿ ನಾಲ್ಕೈದು ವಾಕ್ಯ ಸಾಕು. ನಂದಿ ತಪ್ಪಲಿನ ಒಂದು ಶಿರಾಜ್ ಬಗ್ಗೆ ನನ್ನ ಪುಸ್ತಕದಲ್ಲಿರುವುದು ಹೀಗೆ: "ಕಡು ನೇರಳೆ, ಅಂಚು ಇನ್ನೂ ಎಳೆಯದು. ಅಲುಗಿಸುವ ಮೊದಲೇ ಕಾಳುಮೆಣಸು, ಆಮೇಲೆ ಮಾಗಿದ ನೇರಳೆ, ಕೊನೆಗೆ ಹುರಿದ ಕಾಫಿ. ಡ್ರೈ. ಹುಳಿ ಮಧ್ಯಮ, ಹುಣಸೆಯ ಕಡೆಗೆ. ಒಗರು ಹಣ್ಣಾದದ್ದು, ಆದರೆ ಒಸಡಿನ ಮೇಲೆ ಸಣ್ಣ ತರಿ. ಗಂಟಲಲ್ಲಿ ಬಿಸಿ ಸ್ವಲ್ಪ ಹೆಚ್ಚು. ಉಳಿರುಚಿ 9 ಸೆಕೆಂಡು, ಮೆಣಸಿನಲ್ಲೇ ಮುಗಿಯುತ್ತದೆ." ಇಷ್ಟವಾಯಿತೇ ಇಲ್ಲವೇ ಎಂಬುದನ್ನು ಕಡೆಯಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ, ಮೊದಲೇ ಬರೆದರೆ ಉಳಿದ ಪದಗಳೆಲ್ಲ ಅದರ ಹಿಂದೆ ಓಡುತ್ತವೆ.

ಎರಡು ತಿಂಗಳ ಅಭ್ಯಾಸವಾದ ಬಳಿಕ ಮೂರು ಲೋಟಗಳ ಪರೀಕ್ಷೆ ಮಾಡಿ. ಬಾಟಲಿಗಳಿಗೆ ಬಟ್ಟೆ ಸುತ್ತಿ, ಎರಡು ಲೋಟಗಳಿಗೆ ಒಂದೇ ವೈನನ್ನೂ ಮೂರನೆಯದಕ್ಕೆ ಬೇರೊಂದನ್ನೂ ನೀವು ಕಾಣದಂತೆ ಯಾರಾದರೂ ಸುರಿಯಲಿ. ಬೇರೆಯದು ಯಾವುದೆಂದು ಹೇಳುವ ಮೊದಲು ಪ್ರತಿ ಲೋಟಕ್ಕೂ ಹುಳಿ, ಒಗರು, ವಾಸನೆಗಳ ಒಂದೊಂದು ಸಾಲು ಬರೆಯಿರಿ. ಒಂದೇ ವೈನಿನ ಎರಡು ಲೋಟಗಳಿಗೆ ನೀವು ಬರೆದ ಸಾಲುಗಳು ಎಲ್ಲಿ ಬೇರೆಯಾಗಿವೆಯೋ ಆ ಪದಗಳ ಕೆಳಗೆ ಗೆರೆ ಎಳೆದು, ಮುಂದಿನ ವಾರ ಅವುಗಳ ಬಟ್ಟಲುಗಳನ್ನು ಮತ್ತೆ ಅಡುಗೆಮನೆಯಲ್ಲಿ ಸಾಲಾಗಿ ಇಟ್ಟುಕೊಂಡು ಕುಳಿತುಕೊಳ್ಳಿ.